ಸೀಟಿನ ಹಿಂದಿನ ಚರ್ಮದ ಚೀಲ

ಬೀದಿಯ ಜನ ಅವಳನ್ನು ಸೈಕಲ್ ಅಕ್ಕ ಎಂದೇ ಕರೆಯುತ್ತಿದ್ದರು. ರೈಲು ಗೇಟಿನಿಂದ ಈಚೆ ಬರುವ ರಸ್ತೆಯಲ್ಲಿ, ದರ್ಜಿಯ ಅಂಗಡಿಗೂ ಬೀಗ ಜಡಿದ ಒಂದು ಹಳೆಯ ಗೋದಾಮಿಗೂ ನಡುವೆ ಅವಳ ರಿಪೇರಿ ಅಂಗಡಿ ಇತ್ತು. ನಿಜ ಹೇಳಬೇಕೆಂದರೆ ಅದು ಗಂಡನ ಅಂಗಡಿ. ಮದುವೆಯಾಗಿ ಬಂದಾಗ ಅವಳಿಗೆ ಸೈಕಲ್ ತುಳಿಯಲೂ ಬರುತ್ತಿರಲಿಲ್ಲ. ಗಂಡನ ಕಣ್ಣಿನಲ್ಲಿ ಒತ್ತಡ ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿ, ಹನಿ ಹಾಕಿ, ಆಪರೇಷನ್ ಮಾಡಿ, ಕೊನೆಗೆ ಕೈಚೆಲ್ಲಿದ ಮೇಲೆ ಅವಳು ಮೆಲ್ಲಗೆ ಅಂಗಡಿಯೊಳಗೆ ಕಾಲಿಟ್ಟಳು. ಮೊದಲು ಸ್ಪ್ಯಾನರ್ ಮೇಲಿನ ನಂಬರು ಓದಿ ಹೇಳುವುದು. ಆಮೇಲೆ ರಿಮ್ಮಿನ ಓರೆ ಎಲ್ಲಿದೆ ಎಂದು ನೋಡಿ ಹೇಳುವುದು. ಹೇಳಿ ಹೇಳಿ ಒಂದು ದಿನ ತಾನೇ ಕಡ್ಡಿ ಬಿಗಿದು ಚಕ್ರವನ್ನು ನೆಟ್ಟಗೆ ತಿರುಗಿಸಿದಳು.

ಈಗ ಕೆಲಸ ಇಬ್ಬರಿಗೂ ಹಂಚಿಹೋಗಿತ್ತು. ಟ್ಯೂಬಿಗೆ ತೇಪೆ ಹಾಕುವುದು, ಪೆಡಲಿನೊಳಗಿನ ಗುಂಡು ಬದಲಿಸುವುದು, ಗ್ರೀಸು ತುಂಬುವುದು, ಹೀಗೆ ಬೆರಳಿಗೆ ಗೊತ್ತಾಗುವುದೆಲ್ಲ ಅವನದು. ಕಣ್ಣು ಬೇಕಾದದ್ದೆಲ್ಲ ಅವಳದು. ಗಿರಾಕಿಗಳಿಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ತೊಂದರೆ ಆದದ್ದು ಅವಳಿಗೆ.

ಮೊದಲೆಲ್ಲ ಅವಳು ಅಂಜುಬುರುಕಿಯಾಗಿರಲಿಲ್ಲ. ಗಂಡನ ಕಣ್ಣು ಹೋಗುತ್ತಾ ಹೋಗುತ್ತಾ ಅವಳೊಳಗೆ ಭಯ ಬಂದು ಕೂತಿತು. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗುವಳು. ಚರಂಡಿಯ ಮೇಲಿನ ಕಲ್ಲುಚಪ್ಪಡಿ ಅಲುಗಾಡುತ್ತದೆಯೇ ಎಂದು ದಿನಾ ಕಾಲಲ್ಲಿ ಒತ್ತಿ ನೋಡುವಳು. ಯಾವುದಾದರೂ ಸಾಮಾನು ತರಲು ಹೊರಟರೆ, "ಬ್ಲೇಡು ಎಡಗಡೆ ಡಬ್ಬಿಯಲ್ಲಿದೆ, ಕೈ ಹಾಕ್ಬೇಡಿ. ಬಾಗಿಲ ಹತ್ರ ಸೈಕಲ್ ನಿಲ್ಸಿದೀನಿ, ಎಡವಬೇಡಿ" ಎಂದು ಹೇಳಿದ್ದನ್ನೇ ಹೇಳುವಳು.

"ಹೋಗಿ ಬಾರೇ. ನೀನು ಬರೋದ್ರೊಳಗೆ ನಾನು ಅಂಗಡಿ ಹೊತ್ಕೊಂಡು ಓಡಿಹೋಗಲ್ಲ" ಎಂದು ಅವನು ನಗುತ್ತಿದ್ದ.

ಅವನಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಹೊರಗೆ ಹೋದಾಗಲೆಲ್ಲ ಅವಳು ಪಕ್ಕದ ದರ್ಜಿಗೆ ಫೋನ್ ಮಾಡಿ, "ಸ್ವಲ್ಪ ಇಣುಕಿ ನೋಡಪ್ಪಾ, ಏನು ಮಾಡ್ತಿದಾರೆ" ಎಂದು ಕೇಳುತ್ತಿದ್ದಳು. ದರ್ಜಿ ಒಳ್ಳೆಯವನು. ಹೊಲಿಗೆ ಬಿಟ್ಟು ಎದ್ದು, ಇಣುಕಿ, "ಕೂತಿದಾರೆ ಅಕ್ಕ, ಬೀಡಿ ಸೇದ್ತಿದಾರೆ" ಎಂದು ಹೇಳುತ್ತಿದ್ದ. ವರ್ಷಗಳಿಂದ ಹೀಗೇ ನಡೆದಿತ್ತು.

ಗೇಟಿನ ಆಚೆ ಕಡೆ ಬೇಕರಿ ಇಟ್ಟಿದ್ದವನೊಬ್ಬ ಒಂದು ದಿನ ಬೆಳಿಗ್ಗೆ ಹಳೆಯ ಸೈಕಲೊಂದನ್ನು ತಳ್ಳಿಕೊಂಡು ಬಂದ. ಕಪ್ಪು ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿತ್ತು. ಬ್ರೇಕಿಗೆ ತಂತಿಯ ಬದಲು ಕಬ್ಬಿಣದ ಸರಳು. ಮುಂದಿನ ಚಕ್ರದ ಮೇಲೆ ದೊಡ್ಡದೊಂದು ದೀಪ. ಸೀಟಿನ ಹಿಂದೆ ಎರಡು ಬಕಲಿನ ಚರ್ಮದ ಚೀಲ ನೇತಾಡುತ್ತಿತ್ತು.

"ನಮ್ಮ ಸೋದರಮಾವಂದು ಅಕ್ಕ. ರೈಲ್ವೇಲಿ ಹಳಿ ನೋಡೋ ಕೆಲಸದಲ್ಲಿದ್ರು. ರಿಟೈರಾಗಿ ನನ್ನ ಜೊತೇಲೇ ಇದಾರೆ. ಕಿವಿ ಸ್ವಲ್ಪ ಮಂದ. ಈ ಗಾಡಿ ಗುಜರಿಗೆ ಹಾಕ್ತೀನಿ ಅಂದ್ರೆ ಊಟ ಬಿಡ್ತಾರೆ. ಅದಕ್ಕೇ ರಿಪೇರಿ ಮಾಡಿ ಬ್ರೆಡ್ ಕೊಡೋಕೆ ಇಟ್ಕೊಳೋಣ ಅಂತ."

ಅವನು ಹೋದ ಮೇಲೆ ಅವಳು ಚೀಲ ಬಿಚ್ಚಿದಳು. ಬಕಲು ತುಕ್ಕು ಹಿಡಿದು ಅಂಟಿಕೊಂಡಿತ್ತು. ಎಣ್ಣೆ ಬಿಟ್ಟು ಅಲ್ಲಾಡಿಸಿ ತೆಗೆದು, ಒಳಗಿದ್ದದ್ದನ್ನೆಲ್ಲ ತಟ್ಟೆಗೆ ಸುರಿದಳು. ಸದ್ದು ಕೇಳಿ ಗಂಡ ಸ್ಟೂಲು ಎಳೆದುಕೊಂಡು ಬಂದ. ಹಳೆಯ ಸೈಕಲಿನ ಚೀಲ ಬಿಚ್ಚುವುದೆಂದರೆ ಅವನಿಗೆ ಹಿಗ್ಗು. ಒಂದೊಂದೇ ಸಾಮಾನು ಕೈಗೆ ಕೊಡಬೇಕು, ಅವನು ಮುಟ್ಟಿ ಮುಟ್ಟಿ ಏನೆಂದು ಹೇಳಬೇಕು.

ಡಬಲ್ ಸ್ಪ್ಯಾನರ್, ಟೈರ್ ಬಿಚ್ಚುವ ಎರಡು ಲಿವರು, ಟ್ಯೂಬು ಉಜ್ಜುವ ಉಪ್ಪುಕಾಗದದ ಚೂರು, ಒಣಗಿದ ಸೊಲ್ಯೂಷನ್ ಟ್ಯೂಬು. ಇವನ್ನೆಲ್ಲ ಅವನು ಮುಟ್ಟಿದ ಕೂಡಲೇ ಹೇಳಿದ. ಮುಂದಿನವು ಸೈಕಲಿಗೆ ಸಂಬಂಧವೇ ಇಲ್ಲದವು. ಒಂದು ಚಮಚ. ಹಿತ್ತಾಳೆಯ ದಪ್ಪನೆಯ ಸೀಟಿ. ಹಿಡಿಯಿದ್ದ ಪುಟ್ಟ ಕನ್ನಡಿ. ಒಂದರೊಳಗೊಂದು ಸುತ್ತಿಟ್ಟ ಕೆಂಪು, ಹಸಿರು ಬಟ್ಟೆ.

"ಬಟ್ಟೆ. ಬಣ್ಣ ನೀನೇ ಹೇಳ್ಬೇಕು" ಎಂದ.

ಆಮೇಲೆ ಅವಳು ಕೊಟ್ಟದ್ದನ್ನು ಅವನು ಬಹಳ ಹೊತ್ತು ಬೆರಳಲ್ಲಿ ಸವರಿದ. "ಮಗೂ ಚಪ್ಪಲಿ. ಅಲ್ಲ, ಬೂಟು. ಒಂದೇನಾ?"

"ಒಂದೇ."

"ಇನ್ನೊಂದೆಲ್ಲಿ?"

ಹಳಿ ನೋಡುವವನ ಚೀಲದಲ್ಲಿ ಮಗುವಿನ ಒಂಟಿ ಬೂಟು ಏಕಿರಬೇಕು ಎಂದು ಯೋಚಿಸುವುದೇ ಅವಳಿಗೆ ಬೇಡವಾಯಿತು. ಬೇಗನೆ ಅದನ್ನು ಇಸಿದುಕೊಂಡು ಕೊನೆಯ ಸಾಮಾನು ಅವನ ಅಂಗೈಗೆ ಹಾಕಿದಳು.

ಅದು ದುಂಡಗಿನ ಚಪ್ಪಟೆ ತಗಡಿನ ಬಿಲ್ಲೆ. ಶೂ ಪಾಲಿಷ್ ಡಬ್ಬಿಯಷ್ಟು ದೊಡ್ಡದು. ಎರಡೂ ಪಕ್ಕಕ್ಕೆ ಮೆತ್ತನೆಯ ಸೀಸದ ಪಟ್ಟಿ, ರೆಕ್ಕೆಯಂತೆ. ಮೇಲೆ ಏನೋ ಬರೆದಿದ್ದದ್ದು ತುಕ್ಕಿನಡಿ ಮಾಸಿಹೋಗಿತ್ತು. ಅವನು ತಿರುಗಿಸಿದ, ಅಂಚು ಸವರಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಮರಳಿನಂತೆ ಏನೋ ಸರಕ್ಕೆಂದಿತು.

"ಡಬ್ಬಿ. ಆದ್ರೆ ಮುಚ್ಚಳ ಎಲ್ಲಿ ಅಂತ ಸಿಗ್ತಿಲ್ಲ" ಎಂದ. ಅವನ ಹುಬ್ಬು ಗಂಟಿಕ್ಕಿತ್ತು. ಮುಟ್ಟಿಯೂ ಗೊತ್ತಾಗದ ವಸ್ತು ಅವನ ಕೈಗೆ ಬಂದು ಬಹಳ ಕಾಲವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸೈಕಲಿನ ಸೀಟು ಬಿಚ್ಚಿ ನೋಡಿದರೆ ಚರ್ಮ ಪೂರ್ತಿ ಸೀಳಿತ್ತು. ಹೊಸದು ಹಾಕುವುದೋ ಇದನ್ನೇ ಹೊಲಿಸುವುದೋ ಕೇಳಬೇಕಿತ್ತು. ಹಾಗೇ ಮುದುಕನ ಸಾಮಾನುಗಳನ್ನೂ ಕೊಟ್ಟು ಬರೋಣವೆಂದು ಅವಳು ಎಲ್ಲವನ್ನೂ ಕೈಚೀಲಕ್ಕೆ ತುಂಬಿದಳು. ಬಿಲ್ಲೆಗೆ ಕೈ ಚಾಚಿದಾಗ ಗಂಡ ಕೊಡಲಿಲ್ಲ.

"ಇದೊಂದು ಇರ್ಲಿ. ನೀನು ಬರೋದ್ರೊಳಗೆ ಇದರೊಳಗೆ ಏನಿದೆ ಅಂತ ಹೇಳ್ತೀನಿ."

"ಇನ್ನೊಬ್ಬರ ಸಾಮಾನು ಕಣ್ರೀ. ಹಾಳು ಮಾಡ್ಬೇಡಿ."

"ನಾನು ಯಾವತ್ತು ಏನು ಹಾಳು ಮಾಡಿದೀನಿ?"

ಅದೂ ನಿಜವೇ. ಅವಳು ಬ್ಲೇಡಿನ ಮಾತು, ಎಡವುವ ಮಾತು ಎಲ್ಲ ಹೇಳಿ ಹೊರಟಳು.

ಬೇಕರಿಯ ಹಿಂಬದಿಯ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ಪಕ್ಕ, ಮುದುಕ ಕುರ್ಚಿಯಲ್ಲಿ ಕೂತಿದ್ದ. ಅವಳು ಚೀಲದಿಂದ ಸಾಮಾನು ತೆಗೆದು ಮೇಜಿನ ಮೇಲಿಟ್ಟಾಗ ಅವನ ಮುಖ ಅರಳಿತು. ಸೀಟಿ ಎತ್ತಿ ತುಟಿಗಿಟ್ಟು, ಊದದೆ ಕೆಳಗಿಟ್ಟ. ಹಳಿಯ ತಳದಲ್ಲಿ ಬಿರುಕಿದೆಯೇ ಎಂದು ಬಗ್ಗದೆ ನೋಡಲು ಕನ್ನಡಿ ಇಟ್ಟುಕೊಂಡಿದ್ದೆ ಎಂದ. ಬೂಟು ಕಂಡಾಗ ಅದನ್ನು ಕೈಗೆತ್ತಿಕೊಂಡ.

"ಇದು ಒಂದು ಬೆಳಿಗ್ಗೆ ಎರಡು ಹಳಿ ಮಧ್ಯೆ ಬಿದ್ದಿತ್ತು ಕಣಮ್ಮ. ನನ್ನ ಎದೆ ನಿಂತೇಹೋಯ್ತು. ಎರಡೂ ಕಡೆ ಪೊದೆ, ಹಳ್ಳ, ಎಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ರೈಲಿನ ಕಿಟಕಿಯಿಂದ ಬಿದ್ದಿರ್ಬೇಕು ಅಂತ ಎಲ್ಲರೂ ಅಂದ್ರು. ಇರಬಹುದು. ಯಾರಾದ್ರೂ ಕೇಳ್ಕೊಂಡು ಬಂದ್ರೆ ಕೊಡೋಣ ಅಂತ ಇಟ್ಕೊಂಡೆ."

"ಯಾರೂ ಬರಲಿಲ್ವಾ ಅಜ್ಜಾ?"

ಅವನಿಗೆ ಕೇಳಿಸಲಿಲ್ಲ. ಮೇಜಿನ ಮೇಲಿನ ಸಾಮಾನುಗಳ ಮೇಲೆ ಕಣ್ಣಾಡಿಸುತ್ತಿದ್ದ. ಚೀಲ ಎತ್ತಿ ಒಳಗೆ ಕೈಹಾಕಿ ನೋಡಿದ.

"ಇನ್ನೊಂದಿತ್ತಲ್ಲಮ್ಮ. ದುಂಡಗೆ, ತಗಡಿಂದು. ಸೀಸದ ಪಟ್ಟಿ ಇದೆ ಅದಕ್ಕೆ."

"ಅದು ಅಂಗಡೀಲಿದೆ. ನಮ್ಮ ಯಜಮಾನ್ರ ಹತ್ರ" ಎಂದು ಅವಳು ಗಟ್ಟಿಯಾಗಿ ಹೇಳಿದಳು. "ಮುಚ್ಚಳ ತೆಗೆಯೋಕೆ ನೋಡ್ತಿದಾರೆ."

ಮುದುಕ ಕುರ್ಚಿಯ ಕೈ ಹಿಡಿದು ಎದ್ದು ನಿಂತ.

"ತೆಗೀಬಾರ್ದು. ಅದಕ್ಕೆ ಮುಚ್ಚಳ ಇಲ್ಲ. ಅದು ಪಟಾಕಿ. ಮಂಜಿನಲ್ಲಿ ರೈಲು ನಿಲ್ಸೋಕೆ ಹಳಿಗೆ ಕಟ್ತೀವಿ. ಚಕ್ರ ಹತ್ತಿದ್ರೆ ಸಿಡಿಯುತ್ತೆ, ಡ್ರೈವರಿಗೆ ಕೇಳ್ಸುತ್ತೆ. ಒತ್ತಬಾರ್ದು, ಹೊಡೀಬಾರ್ದು. ಹಳೇದಂತೂ ಮುಟ್ಟಲೇಬಾರ್ದು. ತಗಡು ಚೂರು ಚೂರಾಗಿ ಹಾರುತ್ತಮ್ಮ. ಹೋಗು. ಓಡು."

ಅವಳು ಓಡಿದಳು. ಬೇಕರಿಯವನ ಸ್ಕೂಟರನ್ನು ಯಾರೋ ಬ್ರೆಡ್ ಕೊಡಲು ಒಯ್ದಿದ್ದರು. "ನಾನು ರೈಲ್ವೆ ಸ್ಟೇಷನ್ನಿಗೆ ಫೋನ್ ಮಾಡ್ತೀನಿ ಅಕ್ಕ" ಎಂದು ಅವನು ಹಿಂದಿನಿಂದ ಕೂಗಿದ್ದು ಅರ್ಧ ಕೇಳಿಸಿತು. ಓಡುತ್ತಲೇ ಗಂಡನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದಳು. ಆಗ ನೆನಪಾಯಿತು: ಬೆಳಿಗ್ಗೆ ಅವಳೇ ಆ ಫೋನನ್ನು ಅಂಗಡಿಯ ಹಿಂದಿನ ತಮ್ಮ ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದಳು.

ರೈಲು ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಮೈಭಾರ ಎಳೆದುಕೊಂಡು ನಿಧಾನವಾಗಿ ಹೋಗುತ್ತಿತ್ತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಡಬ್ಬಿಗಳ ಸಂದಿಯಲ್ಲಿ ಆಚೆ ಬದಿಯ ರಸ್ತೆ ಕಂಡು ಮರೆಯಾಗುತ್ತಿತ್ತು. ಅವಳು ಗೇಟಿನ ಕಂಬಿ ಹಿಡಿದು ದರ್ಜಿಗೆ ಫೋನ್ ಮಾಡಿದಳು.

"ಹೇಳಕ್ಕ" ಎಂದ ದರ್ಜಿ. ಬಾಯಲ್ಲಿ ತುತ್ತಿತ್ತು.

"ಬೇಗ ಅಂಗಡಿಗೆ ಹೋಗು. ಅವರ ಕೈಯಲ್ಲಿರೋದನ್ನ ಕೆಳಗಿಡು ಅನ್ನು. ಅದು ಸಿಡಿಯುತ್ತೆ."

"ನಾನು ಊಟಕ್ಕೆ ಮನೆಗೆ ಬಂದಿದೀನಿ ಅಕ್ಕ. ಈಗ ತಾನೇ ನೋಡಿ ಬಂದೆ, ಬೆಂಚಿನ ಹತ್ರ ಆರಾಮಾಗಿದ್ರು. ಗಾಬರಿ ಬಿಡು."

"ಈ ಸಲ ನಿಜವಾಗ್ಲೂ ಕಣೋ."

"ನಿಂಗೆ ಪ್ರತಿ ಸಲಾನೂ ನಿಜವಾಗ್ಲೇ ಅಲ್ವಾ ಅಕ್ಕ. ಆಯ್ತು, ಕೈ ತೊಳ್ಕೊಂಡು ಹೊರಡ್ತೀನಿ."

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗಾಡಿಯ ಗದ್ದಲದ ಆಚೆ ಏನಾದರೂ ಸದ್ದಾದರೆ ತನಗೆ ಕೇಳಿಸುವುದೂ ಇಲ್ಲ ಎಂದು ಹೊಳೆದಾಗ ಕಂಬಿಯ ಮೇಲೆ ಬಾಗಿ ಕಿವಿಗೊಟ್ಟಳು. ಒಮ್ಮೆ ಕೇಳಿಸಿದಂತೆಯೂ ಆಯಿತು. ಪಕ್ಕದಲ್ಲಿ ಬೈಕಿನ ಮೇಲೆ ಕೂತಿದ್ದವನ ಕಡೆ ತಿರುಗಿ, "ಏನಾದ್ರೂ ಸದ್ದು ಬಂತಾ?" ಎಂದು ಕೇಳಿದಳು. ಅವನು ಅವಳನ್ನೇ ವಿಚಿತ್ರವಾಗಿ ನೋಡಿದ.

ಕೊನೆಯ ಡಬ್ಬಿ ದಾಟಿತು. ಗೇಟು ಏಳುವ ಮೊದಲೇ ಅವಳು ಕೆಳಗಿನಿಂದ ನುಸುಳಿದ್ದಳು.

ಅಂಗಡಿಯ ಹೊಸ್ತಿಲಿಗೆ ಬರುವಾಗ ಒಳಗಿನಿಂದ ಟಕ್ ಎಂಬ ಸಣ್ಣ ಸದ್ದು ಕೇಳಿತು. ಬಿಲ್ಲೆಯನ್ನು ಅವನು ಬೆಂಚಿಗೆ ಬಿಗಿದ ವೈಸಿನ ಬಾಯಲ್ಲಿ ಕಚ್ಚಿಸಿ ನಿಲ್ಲಿಸಿದ್ದ. ಎಡಗೈಯಲ್ಲಿ ಉಳಿ, ಅದರ ಮೊನೆ ತಗಡಿನ ಅಂಚಿನ ಮೇಲೆ. ಬಲಗೈಯಲ್ಲಿ ಸುತ್ತಿಗೆ. ಒಂದು ಪೆಟ್ಟು ಹಾಕಿ, ತಲೆ ಬಾಗಿಸಿ, ಒಳಗಿನ ಸದ್ದು ಆಲಿಸುತ್ತಿದ್ದ. ಅವನ ಮುಖ ಬಿಲ್ಲೆಗೆ ಗೇಣುದ್ದ ದೂರದಲ್ಲಿತ್ತು. ಸುತ್ತಿಗೆ ಮತ್ತೆ ಮೇಲೇಳುತ್ತಿತ್ತು.

ಗಂಟಲವರೆಗೆ ಬಂದ ಕೂಗನ್ನು ಅವಳು ಹಲ್ಲು ಕಚ್ಚಿ ತಡೆದಳು. ಕೂಗಿದರೆ ಅವನು ಬೆಚ್ಚಿಬೀಳುತ್ತಾನೆ. ಬೆಚ್ಚಿದರೆ ಸುತ್ತಿಗೆ ಎಲ್ಲಿ ಬೀಳುವುದೋ.

"ರೀ" ಎಂದಳು. ದಿನಾ ಕರೆಯುವಂತೆಯೇ ಕರೆದಳು. "ಸ್ವಲ್ಪ ನೀರು ಕೊಡಿ."

"ಬಂದ್ಯಾ? ಒಂದ್ನಿಮಿಷ ತಡಿ. ಇನ್ನೊಂದೇಟು, ಬಿಟ್ಕೊಳ್ಳುತ್ತೆ."

"ತಲೆ ತಿರುಗ್ತಿದೆ. ಬಿಸಿಲು. ಈಗ್ಲೇ ಕೊಡಿ."

ಅವನು ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟ. ಉಳಿಯನ್ನೂ ಇಟ್ಟ. ನೀರಿನ ಬಾಟಲಿಗೆ ತಡಕಾಡುತ್ತಾ ತಿರುಗಿದವನ ಮಣಿಕಟ್ಟು ಹಿಡಿದು ಅವಳು ಬಾಗಿಲ ಕಡೆ ಎಳೆದಳು.

"ಎಲ್ಲಿಗೇ? ಏನಾಯ್ತು?"

"ಮೊದಲು ಬನ್ನಿ."

ರಸ್ತೆ ದಾಟಿ, ಎದುರು ಸಾಲಿನ ಕೊನೆಯ ಗೋಡೆಯ ಮರೆಗೆ ಬಂದ ಮೇಲೆ ಅವಳು ಎಲ್ಲವನ್ನೂ ಹೇಳಿದಳು.

"ನಾನು ಆಗ್ಲೇ ನಾಲ್ಕೈದು ಏಟು ಹಾಕಿದ್ದೆ" ಎಂದ ಮೆಲ್ಲಗೆ. ಆಮೇಲೆ ಚರಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟ.

ದರ್ಜಿ ಬಂದ, ಬೇಕರಿಯವನು ಬಂದ. ಹೊತ್ತು ಕಳೆದು ರೈಲ್ವೆಯ ಒಬ್ಬ ಮೇಲ್ವಿಚಾರಕ ಇಬ್ಬರು ಆಳುಗಳ ಜೊತೆ ಜೀಪಿನಲ್ಲಿ ಬಂದ. ಅವರ ಜೊತೆ ಬಂದಿದ್ದ ಪೊಲೀಸಿನವನು ಬೀದಿಯ ಜನರನ್ನೆಲ್ಲ ದೂರ ಕಳಿಸಿದ. ದರ್ಜಿಗೆ ತನ್ನ ಮೇಲೇ ನಾಚಿಕೆಯಾಗಿತ್ತೇನೋ, ಎಲ್ಲಿಂದಲೋ ಕುರ್ಚಿಯೊಂದನ್ನು ತಂದು ಅವಳ ಗಂಡನನ್ನು ಕೂರಿಸಿದ.

"ವೈಸು ಸ್ವಲ್ಪ ಜಗ್ಗುತ್ತೆ ಸಾರ್" ಎಂದು ಅವಳು ಮೇಲ್ವಿಚಾರಕನ ಹಿಂದೆ ಹೋಗಿ ಹೇಳಿದಳು. "ಬಿಚ್ಚುವಾಗ ಒಮ್ಮೆಲೇ ಸಡಿಲ ಆಗಿ ಸಾಮಾನು ಕೆಳಗೆ ಬೀಳುತ್ತೆ."

"ಒಳ್ಳೇದಾಯ್ತಮ್ಮ ಹೇಳಿದ್ದು. ಕೆಳಗೆ ಮೆತ್ತಗೆ ಏನಾದ್ರೂ ಹಾಸ್ತೀವಿ. ಮೊದ್ಲು ಬೇಗ ಸಿಡೀದ ಹಾಗೆ ಎಣ್ಣೇಲಿ ಚೆನ್ನಾಗಿ ನೆನೆಸ್ಬೇಕು. ಅವಸರ ಏನಿಲ್ಲ. ನೀವು ಆ ಕಡೆ ಹೋಗಿ."

ಅವಸರವಿಲ್ಲ ಎಂಬ ಮಾತೇ ಅವಳನ್ನು ಹಿಂಡಿತು. ಆಳುಗಳು ಎಣ್ಣೆಯ ಡಬ್ಬಿ, ಹಳೆ ಕಂಬಳಿ ಹೊತ್ತು ಒಳಗೆ ಹೋದರು, ಹೊರಗೆ ಬಂದರು, ಕಾದರು, ಮತ್ತೆ ಹೋದರು.

"ಏನಾಗ್ತಿದೆ? ಹೇಳ್ತಾ ಇರು" ಎಂದ ಗಂಡ.

"ಒಬ್ಬ ಒಳಗೆ ಹೋದ. ಬೆನ್ನು ಮಾತ್ರ ಕಾಣ್ತಿದೆ."

"ಈಗ?"

"ಬಗ್ಗಿದಾನೆ. ವೈಸಿನ ಹಿಡಿ ಹಿಡ್ಕೊಂಡಿರ್ಬೇಕು."

ಅವನ ಬೆರಳು ಅವಳ ಸೆರಗಿನ ತುದಿಯನ್ನು ಸುತ್ತಿ ಬಿಗಿದಿತ್ತು. ಅವಳು ಬಾಗಿಲನ್ನೇ ನೋಡಿದಳು. ಆಳು ನೆಟ್ಟಗಾದ. ಎರಡೂ ಕೈಯಲ್ಲಿ ಎಣ್ಣೆ ತುಂಬಿದ ಪಾತ್ರೆಯೊಂದನ್ನು ಹಿಡಿದು, ತುಂಬಿದ ಚಹಾ ಲೋಟ ತರುವವನ ಹಾಗೆ ನಡೆದು ಜೀಪಿನ ಹತ್ತಿರ ಬಂದ.

"ತಂದ್ರು" ಎಂದಳು. ಅಷ್ಟು ಹೇಳಿ ಗಂಡನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

ಆ ಬಿಲ್ಲೆಯನ್ನು ಊರಾಚೆಯ ಖಾಲಿ ಬಯಲಿನಲ್ಲಿ ಸಿಡಿಸಿದರೆಂದು ಬೇಕರಿಯವನು ಮರುದಿನ ಹೇಳಿದ. ಇಷ್ಟು ಹಳೆಯದಾದರೂ, ಎಣ್ಣೆಯಲ್ಲಿ ನೆನೆದಿದ್ದರೂ ಸದ್ದು ಚೆನ್ನಾಗಿಯೇ ಬಂದಿತಂತೆ. ಅದನ್ನು ಕೇಳಿ ಗಂಡ ಆ ಹೊತ್ತಿನ ಊಟ ಮಾಡಲಿಲ್ಲ.

ಕೆಲವು ದಿನದ ಮೇಲೆ ಬೇಕರಿಯವನು ತನ್ನ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ಮುದುಕ ಅಂಗಡಿಯೊಳಗೆ ಬಂದು ಅವಳ ಗಂಡನ ಎರಡೂ ಕೈ ಹಿಡಿದುಕೊಂಡ. ಬೆರಳುಗಳೆಲ್ಲ ಇವೆಯೇ ಎಂದು ನೋಡುವವನ ಹಾಗೆ ಸವರಿದ.

"ಒಂದು ಮಂಜಿನ ದಿನ ಹಳಿ ಒಡೆದಿತ್ತು" ಎಂದು ಹೇಳತೊಡಗಿದ. "ಗಾಡಿ ಬರೋ ಹೊತ್ತು. ಬಾವುಟ ತೋರಿಸಿದ್ರೆ ಕಾಣಲ್ಲ. ಓಡಿಹೋಗಿ ಎರಡು ಪಟಾಕಿ ಕಟ್ಟಿದೆ, ಮೂರನೇದು ಕಟ್ಟೋದ್ರೊಳಗೆ ಗಾಡಿ ಬಂತು. ಎರಡೂ ಸಿಡಿದ್ವು. ಗಾಡಿ ನಿಂತಿತು, ಒಡೆದ ಜಾಗಕ್ಕೆ ಒಂದು ಡಬ್ಬಿ ಉದ್ದ ಇರೋವಾಗ. ಎಲ್ಲರೂ ಬೆನ್ನು ತಟ್ಟಿದ್ರು. ನನಗೆ ಮಾತ್ರ ಅವತ್ತಿಂದ ನಿದ್ದೆ ಹೋಯ್ತು."

"ಮೂರನೇದು ವಾಪಸ್ ಕೊಡ್ಬೇಕಿತ್ತಲ್ವಾ?" ಗಂಡ ಅವನ ಕಿವಿಯ ಹತ್ತಿರ ಬಾಗಿ ಕೇಳಿದ.

"ಕೊಡ್ಬೇಕಿತ್ತು. ಮೂರೂ ಸಿಡಿದ್ವು ಅಂತ ಸುಳ್ಳು ಹೇಳಿದೆ. ಒಂದು ದಿನ ಬೇಕಾದಾಗ ಕೈಯಲ್ಲಿ ಇಲ್ದಿದ್ರೆ ಅಂತ ಭಯ. ಕೆಲಸ ಬಿಟ್ಟ ಮೇಲೂ ತೆಗೆದಿಡೋಕೆ ಮನಸ್ಸು ಬರಲಿಲ್ಲ. ಆಮೇಲೆ ಮರೆತೆ. ಮರೆವು ಬಂತಲ್ಲ ಅಂತ ಖುಷಿಯಾಗಿದ್ದೆ ನೋಡು. ಕ್ಷಮಿಸಿಬಿಡಪ್ಪ."

ಗಂಡ ಅವನ ಕೈ ಹಿಡಿದು ಸೈಕಲಿನ ಹತ್ತಿರ ಕರೆತಂದ. "ಸೈಕಲಿಗೆ ಹೊಸ ಸೀಟು ಹಾಕಿದೀವಿ. ಕೂತು ನೋಡಿ" ಎಂದ. ಮುದುಕ ಹತ್ತಲಿಲ್ಲ. ಸೀಟಿನ ಮೇಲೆ ಕೈಯಿಟ್ಟು ನಿಂತು, ಸ್ಕೂಟರು ಅಲ್ಲೇ ಬಿಟ್ಟು ಸೈಕಲ್ ತಳ್ಳಿಕೊಂಡು ಬರಲು ಸೋದರಳಿಯನಿಗೆ ಹೇಳಿ ತಾನು ನಡೆದೇ ಹೊರಟ.

ಅವರು ಹೋದ ಮೇಲೆ ಅವಳು ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದಳು.

"ನೀನು ಹೊರಗೆ ಹೋದಾಗೆಲ್ಲ ದರ್ಜಿಗೆ ಫೋನ್ ಮಾಡ್ತೀಯಂತೆ" ಎಂದ ಗಂಡ.

ಅವಳ ಕೈ ನೀರಿನಲ್ಲೇ ನಿಂತಿತು. "ಯಾರು ಹೇಳಿದ್ರು?"

"ಅವನೇ. ಪಾಪ, ಅವತ್ತು ತಡ ಮಾಡಿದೆ ಅಂತ ಅತ್ಕೊಂಡು ಹೇಳ್ದ. ಎಷ್ಟು ದಿನದಿಂದ ನಡೀತಿದೆ ಇದು?"

"ನಿಮ್ಮ ಕಣ್ಣು ಪೂರ್ತಿ ಹೋದಾಗಿಂದ."

"ಅಷ್ಟು ವರ್ಷ ನನ್ನ ಮೇಲೆ ಕಾವಲು ಹಾಕಿದ್ಯಾ?"

"ಕಾವಲಲ್ಲ ಕಣ್ರೀ. ಭಯ. ಆ ಅಜ್ಜನಿಗೆ ಇತ್ತಲ್ಲ, ಅಂಥದ್ದೇ. ನಿಮಗೆ ಹೇಳಿದ್ರೆ ಬೇಜಾರಾಗ್ತೀರಿ ಅಂತ ಹೇಳಲಿಲ್ಲ."

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. "ಬೇಜಾರಾಗ್ಲಿ ಬಿಡು. ನನಗೂ ಭಯ ಆಗುತ್ತೆ. ನೀನು ಬರೋದು ತಡ ಆದ್ರೆ, ಗೇಟಿನಲ್ಲಿ ಗಾಡಿ ಕೂಗಿದ್ರೆ. ನಾನು ಯಾವ ದರ್ಜಿಗೆ ಫೋನ್ ಮಾಡ್ಲಿ? ಭಯ ಆದ್ರೆ ನನಗೇ ಹೇಳು. ಇಬ್ಬರೂ ಹೆದರ್ಕೊಂಡು ಕೂತಿರೋಣ."

ಅವಳಿಗೆ ನಗು ಬಂದು, ಅದರ ಹಿಂದೆಯೇ ಅಳು ಬಂದಿತು. ಗೇಟಿನ ಹತ್ತಿರ ಬಾರದಿದ್ದ ಅಳು ಅದು. ಅವನು ಎದ್ದು ಬಂದು ಅವಳ ಕೈಯಿಂದ ಟ್ಯೂಬು ಇಸಿದುಕೊಂಡು, ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಕೆನ್ನೆಗೆ ಹಿಡಿದು ನೋಡಿದ. "ಇಲ್ಲಿದೆ. ನೀನು ಹೋಗಿ ಮಲಗು. ಇವತ್ತು ಅಂಗಡಿ ನಾನು ನೋಡ್ಕೋತೀನಿ."

ಅವಳು ಹಿಂದಿನ ಮನೆಗೆ ಹೋಗಿ, ಹಗಲು ಹೊತ್ತಿನಲ್ಲೇ ಚಾಪೆ ಹಾಸಿ ಮಲಗಿದಳು. ಎಚ್ಚರವಾದಾಗ ಬಿಸಿಲು ಗೋಡೆಯ ಇನ್ನೊಂದು ಬದಿಗೆ ಸರಿದಿತ್ತು. ಅಂಗಡಿಯಲ್ಲಿ ಯಾರೋ ಗಿರಾಕಿ ಚೈನು ಪದೇ ಪದೇ ಕಳಚುತ್ತದೆ ಎಂದು ಗೊಣಗುತ್ತಿದ್ದ. ಗಂಡ ಅವನ ಜೊತೆ ವಾದಕ್ಕೆ ಬಿದ್ದಿದ್ದ. ಕಬ್ಬಿಣದ ಸಾಮಾನೊಂದು ಠಣ್ಣೆಂದು ನೆಲಕ್ಕೆ ಬಿದ್ದ ಸದ್ದಾಯಿತು. ಅವಳು ಅರ್ಧ ಎದ್ದಳು. ಆಚೆ ಕಡೆಯ ವಾದ ನಿಂತಿರಲಿಲ್ಲ. ಅವಳು ಮತ್ತೆ ಮಲಗಿಕೊಂಡು ಕೇಳುತ್ತಾ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಅವಸರವಿಲ್ಲದೆ ಮುಖ ತೊಳೆದುಕೊಂಡು, ಬಿದ್ದದ್ದೇನೆಂದು ಅಂಗಡಿಗೆ ಹೋಗಿ ನೋಡಿದಳು.